ವಿಶ್ವವಿದ್ಯಾಲಯದಲ್ಲಿ ಊರಿನ ಶಾಸನ, ವೀರಗಲ್ಲುಗಳ ಉಪನ್ಯಾಸ: ಏನು ಇಟ್ಟುಕೊಳ್ಳಬೇಕು, ಹೇಗೆ ತೋರಿಸಬೇಕು?

ಕೆರೆಏರಿ
ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ವಿಶ್ವ ಪರಂಪರೆ ಸಪ್ತಾಹಕ್ಕೆ (ನವೆಂಬರ್ 19ರಿಂದ 25) ಉಪನ್ಯಾಸ ಕೊಡಬೇಕಿದೆ. ಕೊಟ್ಟಿರುವ ವಿಷಯ ‘ಬೆಂಗಳೂರಿನ ಸ್ಥಳೀಯ ಪರಂಪರೆ’, ಅವಧಿ 45 ನಿಮಿಷ. ಸುಮಾರು ಇನ್ನೂರು ಜನ ಸೇರುತ್ತಾರಂತೆ. ಅರ್ಧ ಇತಿಹಾಸ ಮತ್ತು ಕನ್ನಡ ವಿಭಾಗದವರು, ಉಳಿದವರು ಎನ್‌ಎಸ್‌ಎಸ್ ಮಕ್ಕಳು. ಕನ್ನಡ ಓದಲು ಬಾರದವರೂ ಇದ್ದಾರೆ. ಬೇಗೂರು, ಹೆಬ್ಬಾಳ, ಕೆಂಪೇಗೌಡರ ನಾಲ್ಕು ಗೋಪುರ, ಹಲಸೂರು ಸೋಮೇಶ್ವರ, ಬಸವನಗುಡಿ, ದಂಡು ಪ್ರದೇಶ ಎಲ್ಲ ಸೇರಿಸಿದರೆ ಕರಡು 70 ಸ್ಲೈಡ್ ದಾಟುತ್ತದೆ. ಯಾವುದನ್ನು ಬಿಡುವುದು?

ಕಲ್ಲೋದುಗ
ಗೋಪುರದಿಂದ ದಂಡಿನವರೆಗೆ ಎಲ್ಲವನ್ನೂ ಬಿಡಿ. ಎರಡು ಕಲ್ಲು ಸಾಕು: ಹೆಬ್ಬಾಳದ ಕಿತ್ತಯ್ಯನ ಕಲ್ಲು, ಬೇಗೂರಿನ ‘ಬೆಂಗಳೂರ ಕಾಳಗ’ದ ಕಲ್ಲು.

ಲೆಕ್ಕ ಹಾಕಿ ನೋಡಿ. ಒಂದು ಕಲ್ಲಿನ ಬಗ್ಗೆ ಸಭೆಗೆ ತಿಳಿಯಬೇಕಾದದ್ದು ಆರು ಸಂಗತಿ: ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ, ಏನು ಕೆತ್ತಿದೆ, ಏನು ಬರೆದಿದೆ, ಕಾಲ ಯಾವುದು ಮತ್ತು ಅದು ಹೇಗೆ ಗೊತ್ತಾಯಿತು, ಕಲ್ಲು ಏನನ್ನು ಹೇಳುವುದಿಲ್ಲ. ಒಂದೊಂದಕ್ಕೆ ಎರಡೂವರೆ ನಿಮಿಷ ಅಂದರೂ ಕಲ್ಲಿಗೆ 15 ನಿಮಿಷ, ಎರಡಕ್ಕೆ ಅರ್ಧ ಗಂಟೆ. ಮೂರನೆಯದಕ್ಕೆ ಜಾಗವೇ ಇಲ್ಲ. ಹತ್ತು ತಾಣ ಹಿಡಿದರೆ ಪ್ರತಿಯೊಂದಕ್ಕೂ ಹೆಸರು, ಇಸವಿ, ಒಂದು ಫೋಟೊ. ಅಷ್ಟು ಮಾಹಿತಿ ಮಕ್ಕಳ ಮೊಬೈಲಿನಲ್ಲೇ ಇದೆ, ನಿಮ್ಮನ್ನು ಕರೆಯಬೇಕಾಗಿರಲಿಲ್ಲ.

ಈ ಎರಡೇ ಯಾಕೆಂದರೆ ಜೋಡಿ ಚೆನ್ನಾಗಿ ಕೂರುತ್ತದೆ. ಒಂದು ಊರಿನ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಎರಡೂ ಗಂಗರ ಕಾಲದವು. ಕಿತ್ತಯ್ಯನ ಕಲ್ಲು ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750, ಸಿಕ್ಕಿದ್ದು 2018ರಲ್ಲಿ. ರಟ್ಟರ (ರಾಷ್ಟ್ರಕೂಟರ) ದಾಳಿಯಲ್ಲಿ ಕಾದಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಹೆಬ್ಬಾಳವನ್ನು ಅದು ‘ಪೆರ್ಬೊಳಲ್‌ನಾಡು ಮೂವತ್ತು’ ಎಂಬ ಆಡಳಿತ ಘಟಕವಾಗಿ ಹೆಸರಿಸುತ್ತದೆ. ಬೇಗೂರಿನದು ಸುಮಾರು ಕ್ರಿ.ಶ. 900ರದು, ಬೆಂಗಳೂರಿನ ಕಾಳಗದಲ್ಲಿ ಬುತ್ತಣ ಶೆಟ್ಟಿ ಸತ್ತನೆಂದು ಹೇಳುತ್ತದೆ. ಎರಡರ ನಡುವೆ ನೂರೈವತ್ತು ವರ್ಷ. ಲಿಪಿ ಎಷ್ಟು ಬದಲಾಯಿತು, ಕಾಳಗದ ಭಾಷೆ ಎಷ್ಟು ಬದಲಾಯಿತು ಎಂದು ಅಕ್ಕಪಕ್ಕ ಇಟ್ಟು ತೋರಿಸಬಹುದು.

ಇನ್ನೊಂದು ಕಾರಣವೂ ಇದೆ. ಒಂದು ನಿನ್ನೆ ಮೊನ್ನೆ ಸಿಕ್ಕಿದ್ದು, ಇನ್ನೊಂದು ಎಷ್ಟೋ ಹಿಂದೆಯೇ ದಾಖಲಾದದ್ದು. ‘ಇನ್ನೂ ಸಿಗುತ್ತವಾ?’ ಎಂಬ ಪ್ರಶ್ನೆ ತಾನಾಗಿಯೇ ಎದ್ದು ಬರುತ್ತದೆ.

ಹಿಂದಿನ_ಬೆಂಚು
ಆಮಂತ್ರಣದಲ್ಲಿ 45 ನಿಮಿಷ ಅಂತಿದ್ದರೆ ಕೈಗೆ ಸಿಗುವುದು 28ರಿಂದ 30. ಪ್ರಾರ್ಥನೆ, ದೀಪ, ಹೂಗುಚ್ಛ, ಸ್ವಾಗತ, ಪ್ರಾಸ್ತಾವಿಕ, ನಿಮ್ಮದೇ ಪರಿಚಯ, ಇವೆಲ್ಲ ನಿಮ್ಮ ಗಂಟೆಯಿಂದಲೇ ಕಳೆಯುತ್ತವೆ. ಕುಲಪತಿಗಳೋ ಕುಲಸಚಿವರೋ ತಡವಾಗಿ ಬಂದರೆ ಇನ್ನೂ ಹತ್ತು ಹೋಯಿತು. ಅಧ್ಯಕ್ಷೀಯ ಭಾಷಣ ಕೊನೆಗೆ ಇದ್ದೇ ಇರುತ್ತದೆ, ಅದನ್ನು ಯಾರೂ ಮೊಟಕು ಮಾಡುವುದಿಲ್ಲ.

ಹಾಗಾಗಿ ಒಂದೇ ಭಾಷಣವನ್ನು ಮೂರು ಅಳತೆಯಲ್ಲಿ ಸಿದ್ಧಮಾಡಿ: 40, 25, 15 ನಿಮಿಷ. ಹದಿನೈದರದ್ದಕ್ಕೆ ಬೇಗೂರಿನ ಕಲ್ಲು ಒಂದೇ. ಇಪ್ಪತ್ತೈದರದ್ದಕ್ಕೆ ಎರಡೂ ಕಲ್ಲು, ಹೋಲಿಕೆ ಇಲ್ಲ. ನಲವತ್ತರದ್ದಕ್ಕೆ ಎಲ್ಲವೂ, ಜೊತೆಗೆ ಓದುವ ಅಭ್ಯಾಸ. ಸ್ಲೈಡ್‌ಗಳನ್ನು ಇದೇ ಕ್ರಮದಲ್ಲಿ ಜೋಡಿಸಿಟ್ಟರೆ ನಡುವೆ ಎಲ್ಲಿ ನಿಲ್ಲಿಸಿದರೂ ಮಾತು ಪೂರ್ತಿಯಾದಂತೆಯೇ ಇರುತ್ತದೆ. ‘ಸಮಯದ ಅಭಾವದಿಂದ’ ಎನ್ನುತ್ತ ಇಪ್ಪತ್ತು ಸ್ಲೈಡ್ ಸರಸರ ಹಾರಿಸುವುದು ನೋಡುವವರಿಗೂ ಮುಜುಗರ.

ಸಾವಧಾನವಾಗಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ ನೂರು ಪದದ ಆಸುಪಾಸು. ಬರೆದುಕೊಂಡು ಹೋಗುವವರಾದರೆ 25 ನಿಮಿಷಕ್ಕೆ 2,200 ಪದ ಮೀರಬೇಡಿ. ಚಿತ್ರ ತೋರಿಸುವಾಗ ಸುಮ್ಮನಿರಬೇಕಾದ ಕ್ಷಣಗಳೂ ಅದರಲ್ಲಿ ಸೇರಬೇಕು. ಸ್ಲೈಡ್ 20 ಸಾಕು.

ಕೆರೆಏರಿ
ಎರಡು ಕಲ್ಲು ಅಂದಾಗ ಭಯ ಸ್ವಲ್ಪ ಇಳಿಯಿತು. ಆದರೆ ‘ಬೆಂದಕಾಳೂರು’ ಕತೆ ಹೇಳದೆ ಬಿಟ್ಟರೆ ಆಯೋಜಕರೇ ಕೇಳುತ್ತಾರೆ. ಹೇಳಬೇಕೋ ಬೇಡವೋ? ಇಸವಿಗಳ ವಿಚಾರದಲ್ಲಿ ಏನೇನು ಎಡವಟ್ಟಾಗುತ್ತದೆ ಅನ್ನುವುದೂ ತಿಳಿಸಿ.

ಶಕವರ್ಷ
ಕತೆ ಹೇಳಿ, ಕತೆ ಅಂತಲೇ ಹೇಳಿ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿ ಬೇಯಿಸಿದ ಕಾಳು ಕೊಟ್ಟಳು ಎನ್ನುವುದು ಐತಿಹ್ಯ. ಆ ವೀರಬಲ್ಲಾಳನ, ಅಂದರೆ ಇಮ್ಮಡಿ ಬಲ್ಲಾಳನ ಆಳ್ವಿಕೆ ಶುರುವಾದದ್ದು 1173ರಲ್ಲಿ. ಬೇಗೂರಿನ ಕಲ್ಲು ಅದಕ್ಕೂ ಇನ್ನೂರೈವತ್ತು ವರ್ಷ ಮೀರಿ ಹಳೆಯದು, ಅದರಲ್ಲಿ ‘ಬೆಂಗಳೂರು’ ಆಗಲೇ ಇದೆ. ಎರಡೂ ಇಸವಿಯನ್ನು ಒಂದೇ ಸ್ಲೈಡಿನಲ್ಲಿ ಇಟ್ಟು ಸುಮ್ಮನಾಗಿ. ಸಭೆಯೇ ಕೂಡಿ ಕಳೆಯುತ್ತದೆ, ನೀವು ಅಜ್ಜಿಯನ್ನು ಗೇಲಿ ಮಾಡಬೇಕಿಲ್ಲ. ಹೆಸರು ಎಲ್ಲಿಂದ ಬಂತು ಎಂದು ಬೇಗೂರಿನ ಕಲ್ಲೂ ಹೇಳುವುದಿಲ್ಲ. ಅದಕ್ಕೆ ಬದಲಿ ವ್ಯುತ್ಪತ್ತಿ ಹೇಳಹೊರಟರೆ ಹತ್ತು ನಿಮಿಷ ಅಲ್ಲೇ ಕರಗುತ್ತದೆ.

ಸ್ಲೈಡಿನ ಮೂಲೆಯಲ್ಲಿ ಮೂರು ಗುರುತು ಬಳಸಿ: ‘ಶಾಸನ’, ‘ಐತಿಹ್ಯ’, ‘ಊಹೆ’. ಪ್ರತಿ ಹೇಳಿಕೆಯೂ ಈ ಮೂರರಲ್ಲೊಂದು. ಕೆಂಪೇಗೌಡರ ಗೋಪುರಗಳು ಊರಿನ ಬೆಳವಣಿಗೆಯ ಎಲ್ಲೆ ಎಂಬ ಮಾತು ಬಂದರೆ ಅದೂ ‘ಐತಿಹ್ಯ’ದ ಅಡಿಗೇ ಹೋಗಬೇಕು.

ಬೇಗೂರಿನ ವಿಷಯದಲ್ಲಿ ಭಾಷಣಕಾರರು ಪದೇಪದೇ ಮಾಡುವ ತಪ್ಪು: ಎರಡು ಕಲ್ಲುಗಳನ್ನು ಒಂದು ಮಾಡಿಬಿಡುವುದು. ಆನೆ, ಕುದುರೆ, ಕಾಲಾಳುಗಳ ದೊಡ್ಡ ಕಾಳಗದ ಕೆತ್ತನೆ ಇರುವ ಪ್ರಸಿದ್ಧ ಕಲ್ಲು ತುಂಬೆಪಾಡಿಯಲ್ಲಿ ಸತ್ತ ಗಂಗರ ಅಧಿಕಾರಿ ನಾಗತ್ತರನದು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ‘ಬೆಂಗಳೂರ ಕಾಳಗ’ ಇರುವುದು ಬೇರೆ ಕಲ್ಲು, ಅದು ಬೇಗೂರಿನ ಪಂಚಲಿಂಗೇಶ್ವರ ದೇವಸ್ಥಾನದ ಆವರಣದಲ್ಲೇ ಇದೆ. ಮ್ಯೂಸಿಯಂ ಕಲ್ಲಿನ ಫೋಟೊ ಹಾಕಿ ಬುತ್ತಣ ಶೆಟ್ಟಿಯ ಕತೆ ಹೇಳಿದರೆ ಮುಂದಿನ ಸಾಲಿನ ಶಾಸನ ಮೇಷ್ಟ್ರು ಎದ್ದು ನಿಲ್ಲುವುದು ಖಂಡಿತ.

ಈಗ ಇಸವಿ. ನೀವು ತೋರಿಸುವ ಹೆಬ್ಬಾಳ, ಬೇಗೂರಿನ ಎರಡೂ ಕಲ್ಲುಗಳ ಕಾಲವನ್ನು ‘ಸುಮಾರು’ ಸೇರಿಸಿಯೇ ಹೇಳಬೇಕು. ಅದು ಲಿಪಿಯ ರೂಪ ಮತ್ತು ಹೆಸರಿಸಿದ ವ್ಯಕ್ತಿಗಳಿಂದ ನಿಗದಿಯಾದದ್ದು. ಮುಂದೆ ಕಾಲ ನಮೂದಾದ ಶಾಸನ ಸಿಕ್ಕರೆ ಸೂತ್ರ ಇಷ್ಟೆ: ಶಕವರ್ಷಕ್ಕೆ 78 ಕೂಡಿ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನದ ಶಕ 500, ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578. ಮಾಘ, ಫಾಲ್ಗುಣ ಬಂದರೆ ಹೊಸ ಇಸವಿ ಹುಟ್ಟಿರುತ್ತದೆ, 79 ಕೂಡಬೇಕು. ಪುಷ್ಯ ಡಿಸೆಂಬರಿಗೂ ಬೀಳಬಹುದು, ಜನವರಿಗೂ ಬೀಳಬಹುದು. ತಿಥಿ ನೋಡದೆ ತೀರ್ಮಾನ ಬೇಡ.

ಸಂವತ್ಸರದ ಹೆಸರು ತಾಳೆಯಾಗುತ್ತದಾ ನೋಡಲು: ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿ, ಉಳಿದದ್ದು ಪ್ರಭವದಿಂದ ಎಣಿಸಿದ ಕ್ರಮಸಂಖ್ಯೆ. ಶಕ 1946ಕ್ಕೆ 12 ಕೂಡಿದರೆ 1958, ಉಳಿಕೆ 38, ಕ್ರೋಧಿ. 2024ರ ಯುಗಾದಿಗೆ ಬಂದದ್ದು ಅದೇ. ಒಂದು ವರ್ಷ ಆಚೀಚೆ ಬಂದರೆ ಶಾಸನ ಗತವರ್ಷದ (ಮುಗಿದ ವರ್ಷದ) ಬದಲು ನಡೆಯುತ್ತಿರುವ ವರ್ಷವನ್ನು ಎಣಿಸಿರಬಹುದು, ಕಲ್ಲೇ ತಪ್ಪು ಅನ್ನಬೇಡಿ.

ಇನ್ನೊಂದು, 12ನೇ ಶತಮಾನದ ದಾನಶಾಸನದಲ್ಲಿ ‘ಉತ್ತರಾಯಣ ಸಂಕ್ರಮಣ’ ಕಂಡ ಕೂಡಲೇ ಜನವರಿ 14 ಎಂದು ಬರೆಯುವವರಿದ್ದಾರೆ. ಆಗಿನ ಜೂಲಿಯನ್ ಲೆಕ್ಕದಲ್ಲಿ ಅದು ಡಿಸೆಂಬರ್ 24, 25ರ ಸುಮಾರಿಗೆ ಬೀಳುತ್ತಿತ್ತು. ಇಸವಿಯೇ ಬದಲಾಗಿಬಿಡುತ್ತದೆ.

ಹಿಂದಿನ_ಬೆಂಚು
@ಶಕವರ್ಷ ಈ ಸಂವತ್ಸರದ ಗಣಿತ ಮಾತ್ರ ವೇದಿಕೆ ಮೇಲೆ ಬೇಡ. ಎನ್‌ಎಸ್‌ಎಸ್ ಹುಡುಗರು ಮೊಬೈಲ್ ತೆಗೆಯುತ್ತಾರೆ.

ಶಕವರ್ಷ
ಬೇಡವೇ ಬೇಡ. ಪ್ರಶ್ನೋತ್ತರದಲ್ಲಿ ಕೇಳಿದರೆ ಕೈಯಲ್ಲಿರಲಿ ಅಂತ.

ಓರೆಬೆಳಕು
ಫೋಟೊ ವಿಚಾರ ಯಾರೂ ಎತ್ತಿಲ್ಲ. ಉಪನ್ಯಾಸ ಸೋಲುವುದು ಹೆಚ್ಚಾಗಿ ಅಲ್ಲೇ. ಮಧ್ಯಾಹ್ನದ ಬಿಸಿಲಲ್ಲಿ ಎದುರಿನಿಂದ ತೆಗೆದ ಶಾಸನದ ಚಿತ್ರದಲ್ಲಿ ಕಲ್ಲು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಕ್ಯಾಮೆರಾದ ಫ್ಲ್ಯಾಶ್ ಕೂಡ ಅದೇ ಕೆಲಸ ಮಾಡುತ್ತದೆ: ಬೆಳಕು ನೇರ ಬಿದ್ದಾಗ ಅಕ್ಷರದ ಗೀರಿನೊಳಗೆ ನೆರಳೇ ಹುಟ್ಟುವುದಿಲ್ಲ.

ಸಂಜೆ ಕತ್ತಲಾದ ಮೇಲೆ ಹೋಗಿ. ಒಂದು ಟಾರ್ಚ್ ಸಾಕು, ಎಲ್‌ಇಡಿ, ಕಿರಿದಾದ ಕಿರಣದ್ದು. ಕಲ್ಲಿನ ಮೈಗೆ 10ರಿಂದ 15 ಡಿಗ್ರಿ ಓರೆಯಾಗಿ, ಬದಿಯಿಂದ ಹಾಯಿಸಿ. ತೀರಾ ಹತ್ತಿರ ಹಿಡಿದರೆ ಒಂದು ಅಂಚು ಬೆಳ್ಳಗೆ ಸುಟ್ಟು ಇನ್ನೊಂದು ಅಂಚು ಕತ್ತಲಾಗುತ್ತದೆ. ಕಲ್ಲಿನ ಅಗಲದ ಎರಡು ಪಟ್ಟು ದೂರವಾದರೂ ನಿಲ್ಲಿ. ಕ್ಯಾಮೆರಾ ಅಲುಗಬಾರದು. ಒಂದೇ ಜಾಗದಿಂದ ನಾಲ್ಕು ಚಿತ್ರ: ಎಡ, ಬಲ, ಮೇಲೆ, ಎಡಮೇಲೆ. ಒಂದೇ ದಿಕ್ಕಿನ ಬೆಳಕು ಯಾಕೆ ಸಾಲದು ಅಂದರೆ, ಬೆಳಕಿಗೆ ಸಮಾನಾಂತರವಾಗಿರುವ ಗೀರು ನೆರಳು ಕೊಡುವುದಿಲ್ಲ. ಎಡದಿಂದ ಬೆಳಕು ಬಿಟ್ಟರೆ ಅಡ್ಡಗೀರು ಮಾಯ, ಮೇಲಿನಿಂದ ಬಿಟ್ಟರೆ ಉದ್ದಗೀರು ಮಾಯ. ತಲೆಕಟ್ಟು ಹಾರಿಹೋದ ಅಕ್ಷರವನ್ನು ಬೇರೆ ಅಕ್ಷರವಾಗಿ ಓದುವುದು ಹೀಗೆಯೇ.

ಕೆಳಗಿನಿಂದ ಬೆಳಕು ಬಿಟ್ಟ ಚಿತ್ರವನ್ನು ಪರದೆಗೆ ಹಾಕಬೇಡಿ. ಬೆಳಕು ಮೇಲಿನಿಂದ ಬರುತ್ತದೆ ಎಂದು ಕಣ್ಣು ನಂಬಿಕೊಂಡಿರುವುದರಿಂದ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ.

ಚಿತ್ರದ ಅಂಚಿಗೆ 30 ಸೆಂಟಿಮೀಟರಿನ ಅಳತೆಪಟ್ಟಿ ಇರಲಿ. ಅದಿಲ್ಲದೆ ಪರದೆಯ ಮೇಲೆ ಮೊಣಕಾಲೆತ್ತರದ ಕಲ್ಲೂ ಆಳೆತ್ತರದ ಕಲ್ಲೂ ಒಂದೇ.

ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ತಾಣವಾದರೆ ಟ್ರೈಪಾಡಿಗೆ ಮುಂಚೆಯೇ ಅನುಮತಿ ಬೇಕು. ಪೂಜೆ ನಡೆಯುವ ಕಡೆ ಅರ್ಚಕರನ್ನು ಕೇಳಿ, ಚಪ್ಪಲಿ ಬಿಟ್ಟು, ಆಮೇಲೆ ಟಾರ್ಚ್.

ಮಣ್ಣುಹಾದಿ
ಸೀಮೆಸುಣ್ಣ ಸವರಿದರೆ ಐದು ನಿಮಿಷದಲ್ಲಿ ಅಕ್ಷರ ಎದ್ದು ಕಾಣುತ್ತದೆ. ಕತ್ತಲಾಗುವವರೆಗೆ ಕಾಯುವುದು ಯಾಕೆ? ಹಳೆಯ ಪುಸ್ತಕಗಳಲ್ಲಿ ಹಾಗೇ ತೆಗೆದ ಚಿತ್ರ ಎಷ್ಟಿಲ್ಲ.

ಓರೆಬೆಳಕು
ಸುಣ್ಣದ ಪುಡಿ ಗೀರಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತುಬಿಡುತ್ತದೆ, ಆಮೇಲೆ ತೆಗೆಯಲು ಉಜ್ಜುತ್ತಾರೆ, ಉಜ್ಜಿದಾಗ ಸವೆದ ಅಂಚು ಇನ್ನಷ್ಟು ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದು, ಸವರುವವನು ತನಗೆ ಕಂಡ ಅಕ್ಷರವನ್ನೇ ತುಂಬುತ್ತಾನೆ. ಮುಂದೆ ನೋಡುವವರೆಲ್ಲ ಅವನ ಓದನ್ನೇ ಓದಬೇಕು. ಎನಾಮಲ್ ಬಣ್ಣ ತುಂಬಿದ ಕಲ್ಲುಗಳ ಗತಿ ಅದೇ. ಇನ್ನೂರು ವಿದ್ಯಾರ್ಥಿಗಳ ಮುಂದೆ ಸುಣ್ಣ ಸವರಿದ ಚಿತ್ರ ತೋರಿಸಿದರೆ ಮುಂದಿನ ಭಾನುವಾರ ಹತ್ತು ಜನ ಸೀಮೆಸುಣ್ಣ ಹಿಡಿದು ಹೊರಡುತ್ತಾರೆ. ಹಗಲಲ್ಲೇ ತೆಗೆಯಬೇಕಿದ್ದರೆ ಕಲ್ಲಿಗೆ ಕಪ್ಪು ಬಟ್ಟೆಯ ನೆರಳು ಮಾಡಿ, ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ತಿರುಗಿಸಿ.

ಕಲ್ಲೋದುಗ
ಚಿತ್ರದ ಕೊರತೆಗೆ ಇನ್ನೊಂದು ದಾರಿ: ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ, ಅವರ ಚಿತ್ರಗಳಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟ. ಬಳಸುವ ಮುನ್ನ ಕೇಳಿ, ಸ್ಲೈಡಿನ ಮೇಲೆಯೇ ಋಣ ಸಲ್ಲಿಸಿ. ಕಲ್ಲು ತಿರುಗುವ ಮಾದರಿ ತೋರಿಸುವುದಾದರೆ ಸಭಾಂಗಣದ ಇಂಟರ್‌ನೆಟ್ ನಂಬಬೇಡಿ, ಅರ್ಧ ನಿಮಿಷದ ವಿಡಿಯೊ ಮಾಡಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರಿ.

ಕಲ್ಲಿನ ಬರಹದ ಪಾಠಕ್ಕೆ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ 9ನೇ ಸಂಪುಟ, ಬೆಂಗಳೂರು ಜಿಲ್ಲೆಯದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ್ದು. ಅಲ್ಲಿಗೇ ನಿಲ್ಲಬೇಡಿ, ಪೂರಕ ಸಂಪುಟಗಳು, ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ನೋಡಬೇಕು. 2018ರಲ್ಲಿ ಸಿಕ್ಕ ಕಲ್ಲು ರೈಸ್ ಪುಸ್ತಕದಲ್ಲಿ ಇಲ್ಲ ಎಂದು ಗಾಬರಿಯಾಗುವವರೂ ಉಂಟು!

ಓದಿಸುವ ಭಾಗ ಹೀಗಿರಲಿ. ಮೊದಲು ಬರೀ ಕಲ್ಲಿನ ಚಿತ್ರ, ಹತ್ತು ಸೆಕೆಂಡು ಮೌನ. ಆಮೇಲೆ ಒಂದೇ ಸಾಲಿನ ಹತ್ತಿರದ ಚಿತ್ರ. ಅದರ ಮೇಲೆ ಅಕ್ಷರಗಳ ಗೆರೆ ಎಳೆದದ್ದು. ಕೊನೆಗೆ ಪ್ರತಿ ಅಕ್ಷರದ ಕೆಳಗೆ ಇವತ್ತಿನ ಕನ್ನಡ. ಸಾಲು ‘ಬೆಂಗಳೂರ’ ಇರುವುದೇ ಆಗಲಿ. ಓದುವ ಮುನ್ನ ಮೂರು ಸುಳಿವು ಕೊಡಿ: ಪದಗಳ ನಡುವೆ ಜಾಗ ಇರುವುದಿಲ್ಲ, ಎ-ಏ, ಒ-ಓ ನಡುವೆ ಬರಹದಲ್ಲಿ ಭೇದವಿಲ್ಲ, ಸೊನ್ನೆ ಅಕ್ಷರದ ಪಕ್ಕಕ್ಕಿಂತ ಮೇಲಕ್ಕೆ, ಚಿಕ್ಕದಾಗಿ ಇರುತ್ತದೆ. ಇಷ್ಟು ತಿಳಿದರೆ ಕನ್ನಡ ಓದಬಲ್ಲವರು ಎರಡು ಮೂರು ಅಕ್ಷರ ತಾವೇ ಹಿಡಿಯುತ್ತಾರೆ. ಇಡೀ ಹಳಗನ್ನಡ ಪಾಠವನ್ನು ಗಮಕಿಗಳಂತೆ ಓದಿ ತೋರಿಸುವ ಹುಮ್ಮಸ್ಸು ಬೇಡ, ಒಂದು ಸಾಲು ಸಾಕು.

ಕೆತ್ತನೆ ವಿವರಿಸುವಾಗ ಒಂದು ಎಚ್ಚರ. ವೀರಗಲ್ಲು ಎಂದ ಕೂಡಲೇ ‘ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ವೀರ’ ಎಂಬ ಮೂರು ಪಟ್ಟಿಕೆ ಬಾಯಿಪಾಠ ಬರುತ್ತದೆ. ಅದು ನೆಲೆಗೊಂಡದ್ದು ಬಹುಪಾಲು ಆಮೇಲೆ. ಗಂಗರ ಕಾಲದ ಅನೇಕ ಕಲ್ಲುಗಳಲ್ಲಿ ಒಂದೇ ದೃಶ್ಯ, ಸುತ್ತ ಬರಹ. ಕಣ್ಣೆದುರಿನ ಕಲ್ಲಲ್ಲಿ ಇಲ್ಲದ ಅಪ್ಸರೆಯರನ್ನು ತೋರಿಸಬೇಡಿ. ಎತ್ತಿದ ಬಳೆ ತೊಟ್ಟ ಕೈ ಇದ್ದರೆ ಮಾಸ್ತಿಗಲ್ಲು, ಜಿನಮೂರ್ತಿ ಮತ್ತು ಸಲ್ಲೇಖನದ (ಜೈನರು ಉಪವಾಸದಿಂದ ದೇಹ ಬಿಡುವ ವ್ರತದ) ಉಲ್ಲೇಖ ಇದ್ದರೆ ನಿಸಿದಿ. ಮೂರನ್ನೂ ವೀರಗಲ್ಲು ಎಂದು ಕರೆಯುವ ರೂಢಿ ಹಳ್ಳಿಯಲ್ಲಿದ್ದರೆ ಇರಲಿ, ವೇದಿಕೆಯಲ್ಲಿ ಬೇಡ.

ಒತ್ತಕ್ಷರ
ಸ್ಲೈಡ್ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತುಗಳನ್ನು ಒಂದೊಂದಾಗಿ ಕಣ್ಣಾಡಿಸಿ. ಪರಿವರ್ತಕಗಳು ಎಡವುವುದು ಅಲ್ಲೇ. ಹಳಗನ್ನಡದ ಱ ಮತ್ತು ೞ ಕೆಲವು ಫಾಂಟುಗಳಲ್ಲಿ ಇಲ್ಲವೇ ಇಲ್ಲ, ಖಾಲಿ ಚೌಕ ಬರುತ್ತದೆ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡದಲ್ಲಿ ಎರಡೂ ಇವೆ.

ಕಡತವನ್ನು ಪಿಡಿಎಫ್ ಮಾಡಿ, ಫಾಂಟ್ ಒಳಗೇ ಸೇರಿಸಿ. ಪೆನ್‌ಡ್ರೈವ್‌ನಲ್ಲಿ ಒಂದು, ನಿಮ್ಮದೇ ಇಮೇಲಿಗೆ ಒಂದು. ಅಕ್ಷರ 28 ಪಾಯಿಂಟಿಗಿಂತ ಸಣ್ಣದು ಬೇಡ. ಕನ್ನಡದ ಒತ್ತುಗಳು ಅದಕ್ಕಿಂತ ಕೆಳಗೆ ಹಿಂದಿನ ಸಾಲಿಗೆ ಮಸುಕು. ಸಾಲುಗಳ ನಡುವಿನ ಅಂತರ ಒಂದೂಕಾಲು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಳೆಯ ಸಭಾಂಗಣಗಳ ಪ್ರೊಜೆಕ್ಟರ್ 4:3 ಇರಬಹುದು, ವಿಜಿಎ ತಂತಿ ಮಾತ್ರ ಇರಬಹುದು. ಅದಕ್ಕೆ ಜೋಡಿಸುವ ಅಡಾಪ್ಟರನ್ನು ನೀವೇ ಒಯ್ಯಿರಿ.

ಇನ್ನು ಕಿಟಕಿಯ ಪರದೆಗಳು. ಓರೆಬೆಳಕಿನ ಚಿತ್ರ ಕಪ್ಪು ಹೆಚ್ಚಿರುವಂಥದ್ದು. ಕಿಟಕಿಗೆ ಪರದೆ ಇಲ್ಲದ ಸಭಾಂಗಣದಲ್ಲಿ ಅದು ಬೂದು ಗೋಡೆ. ಹಿಂದಿನ ದಿನವೇ ವಿಚಾರಿಸಿ, ಇಲ್ಲವೆಂದಾದರೆ ಚಿತ್ರವನ್ನು ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಕೆರೆಏರಿ
ಕನ್ನಡ ಬಾರದವರಿಗೆ ಏನು ಮಾಡುವುದು? ಎರಡೂ ಭಾಷೆಯಲ್ಲಿ ಹೇಳುತ್ತಾ ಹೋದರೆ ಸಮಯ ದುಪ್ಪಟ್ಟು. ಜೊತೆಗೆ, ಯಾವ ಪ್ರಶ್ನೆಗಳು ಬರಬಹುದು?

ಹಿಂದಿನ_ಬೆಂಚು
ಮಾತು ಕನ್ನಡದಲ್ಲೇ. ಎರಡೂ ಬದಿ ಮುದ್ರಿಸಿದ ಒಂದು ಹಾಳೆ ಹಂಚಿ: ಒಂದು ಬದಿ ಶಾಸನದ ಸಾಲು, ಅಕ್ಷರಪಟ್ಟಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಸಾರಾಂಶ, ಹೆಬ್ಬಾಳ ಬೇಗೂರಿನ ನಕ್ಷೆ. ಇನ್ನೂರು ಜನಕ್ಕೆ 120 ಪ್ರತಿ ಸಾಕು, ಇಬ್ಬರಿಗೊಂದು ಹಿಡಿದರೆ ಮಿಕ್ಕಿದ್ದು ತಡವಾಗಿ ಬಂದವರಿಗೆ. ಮಾತು ಶುರುವಾದ ಮೇಲೆ ಹಂಚಬೇಡಿ, ಕಾಗದದ ಸದ್ದಿನಲ್ಲಿ ಮೊದಲ ಐದು ನಿಮಿಷ ಹೋಗುತ್ತದೆ. ಲಿಪಿಯ ಭಾಗದಲ್ಲಿ ತೆಲುಗು ಬಲ್ಲ ಹುಡುಗರನ್ನು ಓದಲು ಕರೆಯಿರಿ. ಆ ಕಾಲದ ಲಿಪಿ ಎರಡು ಭಾಷೆಗೂ ಹತ್ತಿರದ್ದು, ಅವರು ಸಲೀಸಾಗಿ ಸೇರಿಕೊಳ್ಳುತ್ತಾರೆ.

ಮೈಕು ಪೋಡಿಯಂಗೆ ಅಂಟಿಕೊಂಡಿದ್ದರೆ ಪರದೆ ಕಡೆ ತಿರುಗಿದಾಗಲೆಲ್ಲ ದನಿ ಹೋಗುತ್ತದೆ. ಕಾಲರ್ ಮೈಕು ಕೇಳಿ.

ಶಕವರ್ಷ
ಬಂದೇ ಬರುವ ಪ್ರಶ್ನೆ ಮೂರು.

‘ಕನ್ನಡದ ಮೊದಲ ಶಾಸನ ಹಲ್ಮಿಡಿಯೋ ತಾಳಗುಂದವೋ?’ ಹಲ್ಮಿಡಿ ಶಾಸನದಲ್ಲಿ ಕಾಲ ನಮೂದಾಗಿಲ್ಲ, ಸುಮಾರು 450 ಎನ್ನುವುದು ವಿದ್ವಾಂಸರ ನಿರ್ಣಯ. ತಾಳಗುಂದದ ಸಿಂಹಕಟಾಂಜನದ (ಸಿಂಹದ ಕೆತ್ತನೆಯ ಕಲ್ಲಿನ ಕಟಕಟೆಯ) ಶಾಸನವನ್ನು ಕೇಂದ್ರ ಪುರಾತತ್ವ ಇಲಾಖೆ 370ರ ಸುಮಾರಿಗೆ ಇರಿಸಿದೆ. ಇಷ್ಟು ಹೇಳಿ ಬೆಂಗಳೂರಿಗೆ ಮರಳಿ, ಇಲ್ಲವಾದರೆ ಸಭೆ ಎರಡು ಪಂಗಡ.

‘ಕಿತ್ತಯ್ಯ ಯಾವ ಜಾತಿ?’ ಇದನ್ನು ಕೇಳಲು ಯಾರಾದರೂ ಕಾದೇ ಇರುತ್ತಾರೆ. ಕಲ್ಲಿನಲ್ಲಿ ಏನಿದೆಯೋ ಅಷ್ಟನ್ನು ಓದಿ, ಸ್ಲೈಡನ್ನೇ ಮತ್ತೆ ತೋರಿಸಿ. ಬುತ್ತಣನ ‘ಶೆಟ್ಟಿ’ಯನ್ನು ಇವತ್ತಿನ ಒಂದು ಸಮುದಾಯಕ್ಕೆ ಕಟ್ಟಲು ಯಾರಾದರೂ ಹೊರಟರೆ, ಹತ್ತನೇ ಶತಮಾನದ ಆ ಪದ ಸ್ಥಾನಮಾನವನ್ನೂ ಸೂಚಿಸುತ್ತಿತ್ತು ಎಂದಷ್ಟೇ ಹೇಳಿ ಮುಂದೆ ಸಾಗಿ.

ಮೂರನೆಯದು ನಿಧಿ. ಕಲ್ಲಿನ ಕೆಳಗೆ ನಿಧಿ ಇದೆಯೆಂದು ಅಗೆದು ಉರುಳಿಸಿದ ವೀರಗಲ್ಲುಗಳಿಗೆ ನಮ್ಮಲ್ಲಿ ಬರವಿಲ್ಲ. ವೀರಗಲ್ಲು ಸತ್ತವನ ಸ್ಮಾರಕ, ಅದರಡಿ ಹೊನ್ನು ಇಡುವ ವಾಡಿಕೆಯಿಲ್ಲ. ಕಾನೂನೂ ತಿಳಿಸಿ: 1878ರ ನಿಕ್ಷೇಪ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕಿದ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ವರದಿ ಮಾಡಬೇಕು. ಹೊಸ ಕಲ್ಲು ಕಂಡರೆ ಎತ್ತಿ ನಿಲ್ಲಿಸುವುದು, ತೊಳೆಯುವುದು ಬೇಡ. ಇದ್ದಲ್ಲೇ ಫೋಟೊ, ಜಿಪಿಎಸ್ ಗುರುತು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬ ಟಿಪ್ಪಣಿ. ನಂತರ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಿ.

ಮಣ್ಣುಹಾದಿ
ಭಾಷಣದ ಬೆನ್ನಿಗೇ ಬೇಗೂರಿಗೆ ನಡಿಗೆ ಇಟ್ಟುಕೊಳ್ಳುವುದಾದರೆ ಒಂದು ತಂಡಕ್ಕೆ 25 ಜನ ಮೀರಬಾರದು, ಕಲ್ಲಿನ ಮುಂದೆ ಅದಕ್ಕಿಂತ ಹೆಚ್ಚು ಜನಕ್ಕೆ ಏನೂ ಕಾಣುವುದಿಲ್ಲ. ದೇವಸ್ಥಾನ ಮಧ್ಯಾಹ್ನ ಮುಚ್ಚಿರುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಅರಿಸಿನ ಕುಂಕುಮ ಹಚ್ಚಿದ ಕಲ್ಲನ್ನು ಮಕ್ಕಳು ಒರೆಸದಂತೆ ನೋಡಿಕೊಳ್ಳಿ. ಕಲ್ಲು ಇಷ್ಟು ಕಾಲ ಉಳಿದಿದ್ದರೆ ಅದಕ್ಕೆ ಆ ಪೂಜೆಯೂ ಒಂದು ಕಾರಣ.

ಒತ್ತಕ್ಷರ
ಗೌರವಧನದ ನಮೂನೆಗೆ ಪ್ಯಾನ್ ಪ್ರತಿ, ರದ್ದಾದ ಚೆಕ್ಕಿನ ಪ್ರತಿ ಜೊತೆಗಿರಲಿ. ಅಂದೇ ಕೊಡದಿದ್ದರೆ ಕಡತ ತಿಂಗಳುಗಟ್ಟಲೆ ಅಲೆಯುತ್ತದೆ. ಆಮಂತ್ರಣ ಮುದ್ರಣಕ್ಕೆ ಹೋಗುವ ಮುಂಚೆ ಶೀರ್ಷಿಕೆಯನ್ನೂ ಬದಲಿಸಿಕೊಳ್ಳಿ. ‘ಬೆಂಗಳೂರಿನ ಭವ್ಯ ಪರಂಪರೆ’ ಎಂದು ಅಚ್ಚಾದರೆ ಜನ ಕೆಂಪೇಗೌಡರನ್ನು ಕಾಯುತ್ತ ಕೂರುತ್ತಾರೆ. ‘ಬೆಂಗಳೂರಿನ ಎರಡು ವೀರಗಲ್ಲುಗಳು: ಹೆಬ್ಬಾಳ, ಬೇಗೂರು’ ಎಂದು ಕಳಿಸಿ.

ಕೆರೆಏರಿ
ಶೀರ್ಷಿಕೆ ಇವತ್ತೇ ಕಳಿಸಿದೆ. ಬೇಗೂರಿನ ಕಲ್ಲಿನ ಚಿತ್ರಕ್ಕೆ ಟಾರ್ಚ್ ಎಷ್ಟು ಲ್ಯೂಮೆನ್ಸ್ ಇರಬೇಕು?

ಓರೆಬೆಳಕು
300 ಸಾಕು. ಹೆಚ್ಚಿದ್ದರೆ ಇನ್ನೂ ದೂರ ನಿಲ್ಲಿ.